ನೀಲಿ ನಿಲ್ಲಬೇಕಾದರೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸಯನೊಟೈಪ್‌ಗಳನ್ನು, ಅಂದರೆ ದ್ರಾವಣ ಹಚ್ಚಿದ ಕಾಗದದ ಮೇಲೆ ಎಲೆಯಿಟ್ಟು ಬಿಸಿಲಲ್ಲಿ ಮೂಡಿಸಿದ ನೀಲಿ ಚಿತ್ರಗಳನ್ನು, ನೋಡಿದೆ. ಜರೀಗಿಡದ ಅಂಚು ಎಷ್ಟು ಚೂಪಾಗಿ ಮೂಡಿದೆ! ತೊಳೆಯುವಾಗ ಅರ್ಧ ನೀಲಿ ನೀರುಪಾಲಾಯಿತು ಅಂತ ಬರೆದಿದ್ದೀಯ. ಅದಕ್ಕಾಗಿ ದ್ರಾವಣ ಚೆಲ್ಲಬೇಡ, ನಿನ್ನ ಅಳತೆ ಸರಿಯಾಗೇ ಇದೆ: 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಹಸಿರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಇನ್ನೊಂದು 100 ಮಿ.ಲೀ.ಗೆ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಎರಡನ್ನೂ ಬೇರೆ ಬೇರೆ ಕಂದು ಬಾಟಲಿಯಲ್ಲಿಡು. ಹಚ್ಚುವ ಹೊತ್ತಿಗೆ ಮಾತ್ರ ಸಮಪಾಲು ಬೆರೆಸು. ಎ4 ಹಾಳೆಗೆ ಎರಡೆರಡು ಮಿ.ಲೀ. ಸಾಕು. ಸಿಟ್ರೇಟ್ ಮೇಲೆ ಬೂಸ್ಟು ಬಂದರೆ ಸೋಸಿಕೋ.

ನನಗನಿಸುವಂತೆ ನೀನು ಹಾಳೆಯನ್ನು ಬಿಸಿಲಿನಿಂದ ಬೇಗ ತೆಗೆದಿದ್ದೀಯ. ಹಳದಿ ಹಸಿರು ನೀಲಿಗೆ ತಿರುಗಿದ ಕೂಡಲೇ ಆಯಿತು ಅನ್ನಿಸುತ್ತದೆ, ಆದರೆ ಆಗಿರುವುದಿಲ್ಲ. ಆ ನೀಲಿ ಮತ್ತೆ ಮಾಸಿ, ಬೂದಿ ಬಳಿದಂತೆ ಮಂಕಾಗುವ ತನಕ ಕಾಯಬೇಕು. ಹಾಳಾಯಿತೇನೋ ಅನ್ನಿಸುವ ಆ ಬಣ್ಣವೇ ಸರಿಯಾದ ಗುರುತು. ಬಿಸಿಲಿನ ಅತಿನೇರಳೆ ಕಿರಣ ದ್ರಾವಣದ ಫೆರಿಕ್ ಕಬ್ಬಿಣವನ್ನು ಫೆರಸ್ ಎಂಬ ಇನ್ನೊಂದು ರೂಪಕ್ಕೆ ತಿರುಗಿಸಿದಷ್ಟೂ ಕಾಗದದ ಎಳೆಗಳಲ್ಲಿ ಕರಗದ ನೀಲಿ ಹುಟ್ಟುತ್ತದೆ; ಮಿಕ್ಕದ್ದೆಲ್ಲ ನೀರಿಗೆ ಹೋಗಿಬಿಡುತ್ತದೆ. ಊಹೆಯಲ್ಲಿ ನಿಮಿಷ ಎಣಿಸಬೇಡ. ಅದೇ ಕಾಗದದ ಎರಡಂಗುಲದ ಪಟ್ಟಿಗೆ ದ್ರಾವಣ ಹಚ್ಚಿ ಒಣಗಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ರಟ್ಟು ಮುಚ್ಚುತ್ತಾ 4, 8, 12, 16 ನಿಮಿಷದ ನಾಲ್ಕು ಮನೆ ಮಾಡು. ತೊಳೆದು ಒಣಗಿದ ಮೇಲೆ ಯಾವುದು ಗಾಢವಾಗಿದೆಯೋ ಅದೇ ಆ ದಿನದ ಲೆಕ್ಕ. ಮೋಡ ಬಂದರೆ ಲೆಕ್ಕ ಬದಲಾಗುತ್ತದೆ.

ಇನ್ನು ನೀರು. ಇದನ್ನು ಯಾರೂ ಗಮನಿಸುವುದಿಲ್ಲ, ನನಗೆ ಬೇಸರ ತರುವುದೂ ಅದೇ. ಈ ನೀಲಿಗೆ ಕ್ಷಾರ ಆಗದು. ಕ್ಷಾರಗುಣದ ಗಡಸು ಬೋರ್‌ವೆಲ್ ನೀರಿನಲ್ಲಿ ನೆನೆಹಾಕಿದರೆ ನಿನ್ನ ಕಣ್ಣೆದುರೇ ಬಣ್ಣ ಸೋರುತ್ತದೆ. ಮೊದಲ ತೊಳೆತಕ್ಕೆ ಲೀಟರಿಗೆ ಒಂದು ಚಮಚ ವಿನಿಗರ್ ಹಾಕು. ಆಮೇಲೆ ಬಿಳಿ ಜಾಗದ ಹಳದಿ ಪೂರ್ತಿ ಹೋಗುವವರೆಗೆ ಐದರಿಂದ ಹತ್ತು ನಿಮಿಷ ಸಾದಾ ನೀರು. ಟಾಯ್ಲೆಟ್ ತೊಳೆಯುವ ಆಸಿಡ್‌ನಂಥದ್ದನ್ನು ಮಾತ್ರ ಈ ದ್ರಾವಣದ ಹತ್ತಿರ ತರಬೇಡ. ತೀಕ್ಷ್ಣ ಆಮ್ಲ ಫೆರಿಸಯನೈಡ್‌ಗೆ ಸೇರಿದರೆ ವಿಷಾನಿಲ ಏಳಬಹುದು. ಕೈಗವಸು ಮರೆಯಬೇಡ, ಅಡುಗೆಯ ಪಾತ್ರೆ ಚಮಚ ಇದಕ್ಕೆ ಬೇಡ.

ಕಾಗದ ಹತ್ತಿಯದಿರಲಿ, 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ. ನುಣುಪು ಡ್ರಾಯಿಂಗ್ ಶೀಟು ದ್ರಾವಣ ಹೀರುವುದಿಲ್ಲ, ಬಣ್ಣ ಮೇಲೆಯೇ ಕೂತು ಪುಡಿಯಾಗಿ ಉದುರುತ್ತದೆ. ಲೋಹದ ಪಟ್ಟಿಯ ಬ್ರಷ್ಷಿನ ಬದಲು ಫೋಮ್ ಬ್ರಷ್ ಹಿಡಿ, ಕಬ್ಬಿಣ ತಾಗಿದಲ್ಲಿ ನೀಲಿ ಚುಕ್ಕೆ ಏಳುತ್ತದೆ.

ಮಾವಿನೆಲೆ, ಹಲಸಿನೆಲೆ ದಪ್ಪ. ಬೆಳಕು ತೂರದೆ ಬರೀ ಬಿಳಿ ಆಕಾರ ಉಳಿಯುತ್ತದೆ. ನರನರವೂ ಬೇಕಿದ್ದರೆ ನೀರಲ್ಲಿ ಕೊಳೆಸಿ ಜಾಲರಿ ಉಳಿಸಿಕೊಂಡ ಅರಳಿ ಎಲೆ ಇಡು. ಹಸಿ ಎಲೆಯನ್ನು ಎರಡು ದಿನ ಹಳೇ ಪತ್ರಿಕೆಯಲ್ಲಿ ಒತ್ತಿಡು, ಇಲ್ಲದಿದ್ದರೆ ಮೇಲೆ ಮುಚ್ಚಿದ ಗಾಜಿನಡಿ ಬೆವರಿ ಕಲೆ ಬೀಳುತ್ತದೆ.

1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಈ ವಿಧಾನದಿಂದಲೇ ಮುಂದೆ ಕಟ್ಟಡದ ನಕ್ಷೆಗಳ ಪ್ರತಿ ತೆಗೆಯುತ್ತಿದ್ದರು. ನಾವು ದಿನವೂ ಆಡುವ ‘ನೀಲನಕ್ಷೆ’ ನಿನ್ನ ಟ್ರೇಯಲ್ಲಿರುವ ಇದೇ ನೀಲಿ, ಗೊತ್ತಾ?

ಒಣಗಿದ ಚಿತ್ರ ಒಂದು ದಿನದಲ್ಲಿ ತಾನೇ ಗಾಢವಾಗುತ್ತದೆ. ಅವಸರವಿದ್ದರೆ ಲೀಟರ್ ನೀರಿಗೆ 3% ಹೈಡ್ರೋಜನ್ ಪೆರಾಕ್ಸೈಡ್ ಒಂದೆರಡು ಮುಚ್ಚಳ ಹಾಕಿ ಅದ್ದು, ಕ್ಷಣದಲ್ಲಿ ತಿರುಗುತ್ತದೆ. ಚಹಾದಲ್ಲಿ ಕಪ್ಪಾಗಿಸುವ ಪ್ರಯೋಗ ಸದ್ಯಕ್ಕೆ ಬೇಡ. ಅದಕ್ಕೆ ಸಾಮಾನ್ಯವಾಗಿ ಮೊದಲು ವಾಷಿಂಗ್ ಸೋಡಾದಲ್ಲಿ ನೀಲಿಯನ್ನು ಬೇಕೆಂದೇ ಮಾಸಿಸುತ್ತಾರೆ, ಮೊದಲು ನಿನಗೆ ನೀಲಿ ನಿಲ್ಲಲಿ.

ಪಟ್ಟಿಯ ಹಿಂದೆ ನಿಮಿಷ, ಹೊತ್ತು, ಯಾವ ನೀರು ಅಂತ ಪೆನ್ಸಿಲ್ಲಿನಲ್ಲಿ ಬರೆದು ಭಾನುವಾರ ಫೋಟೋ ಕಳಿಸು, ನೋಡೋಣ.

ನಿನ್ನ ಅಮ್ಮ