ಶೆಪರ್ಟನ್‌ಗೆ ಮೂರು ವರ್ಷಕ್ಕೆಂದು ಹೋದವರಿಗೆ

ಇತ್ತೀಚೆಗೆ ಮೆಲ್ಬರ್ನಿನ ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿಯಲ್ಲಿ ವಿಕ್ಟೋರಿಯಾ ರಾಜ್ಯದ ಒಳನಾಡಿನ ಶೆಪರ್ಟನ್, ಮೂರೂಪ್ನಾ ಊರುಗಳ ವಿಳಾಸಗಳು ಕಾಣಿಸುತ್ತಿವೆ. ಕಾರಣ ಎಲ್ಲರಿಗೂ ಗೊತ್ತು, 491 ವೀಸಾ. ಮೆಲ್ಬರ್ನ್ ಬಿಟ್ಟು ಹೊರಗೆ ಮೂರು ವರ್ಷ ಇದ್ದು ಕೆಲಸ ಮಾಡಿದರೆ ಪಿಆರ್‌ಗೆ, ಅಂದರೆ ಕಾಯಂ ವಾಸದ ವೀಸಾಕ್ಕೆ, ಅರ್ಜಿ ಹಾಕಬಹುದು. ಫೋನ್ ಮಾಡಿದಾಗ ಊರು ಹೇಗಿದೆ ಅಂತ ಕೇಳಿದರೆ, ಇನ್ನು ಇಷ್ಟು ತಿಂಗಳು ಬಾಕಿ ಅನ್ನುವ ಉತ್ತರವೇ ಜಾಸ್ತಿ. ತಪ್ಪೇನಿಲ್ಲ ಬಿಡಿ, ಅವರವರ ಲೆಕ್ಕ ಅವರವರಿಗೆ. ಆದರೆ ಆ ಊರನ್ನು ಕಟ್ಟಿದ್ದೇ ಹೀಗೆ ನಾಲ್ಕು ದಿನ ದುಡಿದು ಹೋಗೋಣ ಅಂತ ಬಂದು, ಹೋಗದೇ ಉಳಿದವರು. ಅದನ್ನು ತಿಳಿಯದೇ ಗಂಟುಮೂಟೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಗ್ರೇಟರ್ ಶೆಪರ್ಟನ್ ಅನ್ನುವುದು ಒಂದು ಊರಿನ ಹೆಸರಲ್ಲ, ಕೌನ್ಸಿಲ್ ಹೆಸರು. 1994ರ ಸುಮಾರಿಗೆ ರಾಜ್ಯದ ಕೆನೆಟ್ ಸರ್ಕಾರ ವಿಕ್ಟೋರಿಯಾದ 210 ಕೌನ್ಸಿಲ್‌ಗಳನ್ನು ಕೂಡಿಸಿ 78 ಮಾಡಿತಲ್ಲ, ಆಗ ಹುಟ್ಟಿದ್ದು. ನಮ್ಮ ಕಡೆ ನಗರಸಭೆ ಬೇರೆ, ಗ್ರಾಮ ಪಂಚಾಯಿತಿ ಬೇರೆ. ಇಲ್ಲಿ ಎರಡೂ ಒಂದೇ. ಶೆಪರ್ಟನ್ ಪೇಟೆ, ಹೊಳೆಯಾಚೆಯ ಮೂರೂಪ್ನಾ, ಟಟೂರಾ, ಡುಕಿ, ಮರ್ಚಿಸನ್ ಎಲ್ಲಾ ಸೇರಿ 2021ರ ಗಣತಿಯಲ್ಲಿ 68 ಸಾವಿರ ಜನ. ಕಸ, ರಸ್ತೆ, ಲೈಬ್ರರಿ, ಬಾಣಂತಿ ಮತ್ತು ಮಗುವನ್ನು ನೋಡಿಕೊಳ್ಳುವ ನರ್ಸ್, ಹಬ್ಬಕ್ಕೆ ಬಾಡಿಗೆಗೆ ಸಿಗುವ ಹಾಲ್, ಎಲ್ಲದಕ್ಕೂ ಹೋಗಬೇಕಾದ್ದು ಈ ಕೌನ್ಸಿಲ್‌ಗೇ.

ಮಂಡ್ಯ ಕಡೆಯವರಿಗೆ ಶೆಪರ್ಟನ್ ಸುತ್ತಮುತ್ತ ಓಡಾಡಿದರೆ ತಮ್ಮೂರ ನಾಲೆ ಏರಿ ಮೇಲೆ ನಡೆದ ಹಾಗೇ ಅನ್ನಿಸುತ್ತದೆ. 1891ಕ್ಕೆ ಗೋಲ್ಬರ್ನ್ ನದಿಗೆ ಅಡ್ಡಕಟ್ಟೆ ಕಟ್ಟಿ ಮುಗಿಸಿದರು, ನಾಲೆಗಳು ಬಂದವು, ಪೇರ್, ಪೀಚ್, ಏಪ್ರಿಕಾಟ್ ತೋಟಗಳು ಎದ್ದವು, 1917ರಲ್ಲಿ ಎಸ್‌ಪಿಸಿ ಶುರುವಾಯಿತು. ಅಂಗಡಿಯಲ್ಲಿ ನೀವು ಕೊಳ್ಳುವ ಡಬ್ಬಿ ಹಣ್ಣು ಇದೆಯಲ್ಲ, ಅದೇ ಕಂಪನಿ. ಹಣ್ಣು ಕೀಳೋಕೆ ಜನ ಬೇಕಿತ್ತು. ಇಟಲಿಯವರು ಬಂದರು, ಅಲ್ಬೇನಿಯಾದವರು ಬಂದರು. ವಿಕ್ಟೋರಿಯಾದ ಮೊದಲ ಮಸೀದಿ ಕಟ್ಟಿದ್ದು ಮೆಲ್ಬರ್ನಿನವರಲ್ಲ, 1960ರಲ್ಲಿ ಶೆಪರ್ಟನ್ನಿನ ಈ ಅಲ್ಬೇನಿಯಾದ ತೋಟಗಾರರು! ಆಮೇಲೆ ತುರ್ಕಿ, ಇರಾಕ್, ಅಫ್ಘಾನಿಸ್ತಾನ, ಕಾಂಗೋ. ಪಂಜಾಬಿನವರು ಗುರುದ್ವಾರವನ್ನೇ ಕಟ್ಟಿಕೊಂಡಿದ್ದಾರೆ. ನಾವಿನ್ನೂ ತಿಂಗಳು ಎಣಿಸುತ್ತಿದ್ದೇವೆ.

ಇವರೆಲ್ಲರಿಗಿಂತ ಮುಂಚಿನಿಂದ ಇಲ್ಲಿರುವವರು ಮೂಲನಿವಾಸಿಗಳಾದ ಯೋರ್ಟಾ ಯೋರ್ಟಾ ಜನ. ಗೋಲ್ಬರ್ನ್ ಹೊಳೆಯನ್ನು ಅವರು ಕಾಯೆಲಾ ಅನ್ನುತ್ತಾರೆ. 1939ರ ಫೆಬ್ರವರಿ 4ರಂದು ಮರ್ರಿ ನದಿಯಾಚೆ ಮೂಲನಿವಾಸಿಗಳನ್ನು ಇರಿಸಿದ್ದ ಕಮ್ಮರಗುಂಜಾ ಎಂಬ ಸರ್ಕಾರಿ ಠಾಣ್ಯದಿಂದ, ಅಲ್ಲಿಯ ಮೇಲಧಿಕಾರಿಯ ಕಾಟ, ಹೊಟ್ಟೆಗೆ ಸಾಕಾಗದ ರೇಷನ್ನು ತಡೆಯಲಾರದೇ, ನೂರೈವತ್ತಕ್ಕೂ ಜಾಸ್ತಿ ಮಂದಿ ಮಕ್ಕಳು ಮರಿ ಸಮೇತ ನದಿ ದಾಟಿ ವಿಕ್ಟೋರಿಯಾಕ್ಕೆ ಬಂದುಬಿಟ್ಟರು. ಅವರಲ್ಲಿ ಎಷ್ಟೋ ಸಂಸಾರ ನಿಂತಿದ್ದು ಶೆಪರ್ಟನ್–ಮೂರೂಪ್ನಾ ನಡುವಿನ ತಗ್ಗಿನಲ್ಲಿ. ಅದಕ್ಕೆ ಫ್ಲ್ಯಾಟ್ಸ್ ಅಂತಾರೆ. ತಗಡು, ಗೋಣಿತಾಟಿನ ಗುಡಿಸಲುಗಳು. ಹಣ್ಣು ಕಿತ್ತರು, ಕಾರ್ಖಾನೆಯಲ್ಲಿ ದುಡಿದರು. 1954ರಲ್ಲಿ ರಾಣಿ ಎಲಿಜಬೆತ್ ಶೆಪರ್ಟನ್‌ಗೆ ಬಂದಾಗ ಆ ಗುಡಿಸಲು ಕಣ್ಣಿಗೆ ಬೀಳಬಾರದು ಅಂತ ರಸ್ತೆ ಬದಿಗೆ ಗೋಣಿಬಟ್ಟೆ ಕಟ್ಟಿದ್ದರಂತೆ. ಅಲ್ಲಿಯ ಹಿರಿಯರು ಈಗಲೂ ಹೇಳುವ ಮಾತಿದು. (ಗಣ್ಯರು ಬರುವಾಗ ನಮ್ಮೂರಲ್ಲೂ ಸ್ಲಂ ಮುಂದೆ ತಗಡು ನಿಲ್ಲಿಸುತ್ತಾರೆ, ಅಲ್ವಾ?) 1958ರಲ್ಲಿ ಮೂರೂಪ್ನಾದ ರಂಬಲಾರಾದಲ್ಲಿ ಹತ್ತು ಕಾಂಕ್ರೀಟ್ ಮನೆ ಕಟ್ಟಿಕೊಟ್ಟರು. ಇವತ್ತು ಅದೇ ರಂಬಲಾರಾ ಹೆಸರಲ್ಲಿ ಅವರದೇ ಆರೋಗ್ಯ ಕೇಂದ್ರ ಇದೆ, ಫುಟ್‌ಬಾಲ್ ಮತ್ತು ನೆಟ್‌ಬಾಲ್ ಕ್ಲಬ್ ಇದೆ. ಶನಿವಾರ ಮ್ಯಾಚ್ ಇದ್ದಾಗ ಸುಮ್ನೆ ಹೋಗಿ ನಿಂತು ನೋಡಿ. ಊರು ಅರ್ಥವಾಗೋಕೆ ಅದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಆ ತಗ್ಗು ಹೊಳೆಯದ್ದೇ ಜಾಗ. 2022ರ ಅಕ್ಟೋಬರ್‌ನಲ್ಲಿ ನೆರೆ ಬಂದಾಗ ತಗ್ಗನ್ನು ಹಾಯುವ ರಸ್ತೆ, ಅಂದರೆ ಕಾಸ್‌ವೇ, ಮುಚ್ಚಿ, ಎರಡೂ ಊರು ಬೇರೆ ಬೇರೆಯಾದವು. ದೊಡ್ಡ ಆಸ್ಪತ್ರೆ ಶೆಪರ್ಟನ್ ದಡದಲ್ಲಿ, ಮೂರೂಪ್ನಾ ಆ ದಡದಲ್ಲಿ. ಅಂಥ ಹೊತ್ತಲ್ಲಿ ಮೆಲ್ಬರ್ನಿನ ನಮ್ಮ ವಾಟ್ಸಾಪ್ ಗುಂಪು ಏನು ಮಾಡೀತು? ಮರಳಿನ ಚೀಲ ಹೊರೋಕೆ ಬರುವವರು ಪಕ್ಕದ ಮನೆಯವರೇ.

ಅದಕ್ಕೇ ಅಲ್ಲಿರುವವರಿಗೆ ಎರಡು ಮಾತು. ಕೌನ್ಸಿಲ್ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ವೀಸಾ ಕೇಳಲ್ಲ. ಮನೆ ಕೊಂಡು ರೇಟ್ಸ್ (ಕೌನ್ಸಿಲ್‌ನ ಮನೆ ತೆರಿಗೆ) ಕಟ್ಟುತ್ತಿದ್ದರೆ, ಸಿಟಿಜನ್ ಆಗದಿದ್ದರೂ ಅರ್ಜಿ ಹಾಕಿ ಕೌನ್ಸಿಲ್ ಚುನಾವಣೆಯ ಮತದಾರರಾಗಬಹುದು. ಬಾಡಿಗೆಯವರಿಗೆ ಈ ಅವಕಾಶ ಇಲ್ಲ, ಅದು ನನಗೂ ಬೇಜಾರೇ. ಮುಂದಿನ ಚುನಾವಣೆ 2028ರ ಅಕ್ಟೋಬರ್‌ನಲ್ಲಿ.

ಇನ್ನು ಮೆಲ್ಬರ್ನಿನವರಿಗೆ. ರಾಜ್ಯೋತ್ಸವಕ್ಕೆ 180 ಕಿಲೋಮೀಟರ್ ಬನ್ನಿ ಅಂತ ಪ್ರತಿಸಲ ಅವರನ್ನೇ ಕರೆಯುತ್ತೇವೆ. ಈ ಸಲ ಕಾರ್ಯಕ್ರಮ ಅಲ್ಲೇ ಮಾಡೋಣ ಅಂತ ಸಮಿತಿ ಮುಂದೆ ಇಟ್ಟಿದ್ದೇನೆ. ಸದರ್ನ್ ಕ್ರಾಸ್‌ನಿಂದ ನೇರ ರೈಲಿದೆ. ದೂರ ಆಯಿತು ಅನ್ನುವವರು ಮುಂದಿನ ಸಭೆಗೆ ಬಂದು ಹೇಳಿ, ಜಗಳಕ್ಕೆ ನಾನು ರೆಡಿ.