ಆಯಿ ಕೂರುವ ನೆಲ

ಶಿರಸಿ
ಚೌತಿ ಮುಗಿದ ವಾರ

ಚಿ. ಅಪ್ಪಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆದಾಯಿತು.

ನೀನು ಕಳಿಸಿದ ಫೋಟೋ ನಾಲ್ಕು ಸಲ ನೋಡಿದೆ. ಆಯಿಗೆ ಅಂತ ಬೇಸ್‌ಮೆಂಟಿನ ಕೋಣೆ ಸಿದ್ಧ ಮಾಡುತ್ತಿದ್ದೀಯಲ್ಲ, ಮನಸ್ಸು ತುಂಬಿ ಬಂತು. ಅವಳು ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಮೆಟ್ಟುಗತ್ತಿ ಎಳೆದುಕೊಂಡು ನೆಲಕ್ಕೇ ಕೂರುವವಳು. ಮಧ್ಯಾಹ್ನ ಚಾಪೆ ಹಾಸಿ ಅಲ್ಲೇ ಅಡ್ಡಾಗುವವಳು. ಅಮೆರಿಕದ ಮಿನಿಯಾಪೊಲಿಸ್‌ನ ಜನವರಿಯಲ್ಲಿ ಆ ನೆಲ ಅವಳ ಮಂಡಿಯನ್ನು ಏನು ಮಾಡೀತು ಅನ್ನುವುದೇ ನನಗೆ ಚಿಂತೆ. ನೆಲ ಬೆಚ್ಚಗಾಗುವ ಕರೆಂಟ್ ಕೇಬಲ್ ಹಾಕಿಸುವ ನಿನ್ನ ಯೋಚನೆ ಸರಿಯಾಗಿದೆ. ಆದರೆ ಬಿಸಿ ಕೆಳಗೆ ಸೋರದಂತೆ ತಡೆಯುವ ಇನ್ಸುಲೇಶನ್ ಹಲಗೆ ಬೇಡ, ಕಾಂಕ್ರೀಟಿನ ಮೇಲೇ ಕೇಬಲ್ ಹಾಸಿ ಟೈಲ್ಸ್ ಅಂಟಿಸಿದರೆ ಖರ್ಚು ಉಳಿಯುತ್ತದೆ ಅಂತ ಬರೆದಿದ್ದೀಯಲ್ಲ, ಆ ಒಂದು ಮಾತಿಗಾಗಿಯೇ ಈ ಪತ್ರ.

ನಮ್ಮ ಹಳೆ ಮನೆಯ ಬಚ್ಚಲ ಹಂಡೆ ನೆನಪಿದೆಯಾ? ಸುತ್ತ ದಪ್ಪಗೆ ಮಣ್ಣು ಕಟ್ಟಿದ್ದರು. ರಾತ್ರಿ ಒಲೆ ಆರಿದ್ದರೂ ಬೆಳಿಗ್ಗೆ ನೀರು ಉಗುರುಬೆಚ್ಚಗೆ ಇರುತ್ತಿತ್ತು. ಅದೇ ಹಂಡೆಯನ್ನು ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಇಟ್ಟು ಕಾಯಿಸಿದ್ದರೆ ಬೆಳಿಗ್ಗೆಗೆ ಮಂಜಿನಷ್ಟು ತಣ್ಣಗೆ. ಬಿಸಿ ಮೇಲಕ್ಕೇ ಹೋಗುತ್ತದೆ ಅಂತ ನಿನಗೆ ಯಾರೋ ಹೇಳಿದ್ದಾರೆ. ಬಿಸಿ ಗಾಳಿಗೆ ಆ ಮಾತು ಸರಿ. ಕಾಂಕ್ರೀಟಿನ ಒಳಗಿನ ಬಿಸಿ ಹಾಗಲ್ಲ. ಮೇಲೋ ಕೆಳಗೋ, ಎಲ್ಲಿ ತಣ್ಣಗಿದೆಯೋ ಅಲ್ಲಿಗೆ ಹರಿಯುತ್ತದೆ. ನಿಮ್ಮ ಕಡೆ ಆಳದ ಮಣ್ಣು ವರ್ಷವಿಡೀ ಹತ್ತು ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ನೆಲದ ಕಾಂಕ್ರೀಟ್ ಸ್ಲ್ಯಾಬ್ ಕೂತಿರುವುದು ಅದರ ಮೇಲೆ. ನಾಲ್ಕು ಇಂಚು ದಪ್ಪದ ಕಾಂಕ್ರೀಟು 100 ಚದರಡಿಗೆ ಎರಡು ಟನ್ನಿಗೂ ಜಾಸ್ತಿ ತೂಗುತ್ತದೆ. ಹಲಗೆ ಇಲ್ಲದಿದ್ದರೆ ನಿನ್ನ ಕೇಬಲ್ ಮೊದಲು ಆ ಎರಡು ಟನ್ ಕಾಯಿಸಬೇಕು. ಅದರ ಕೆಳಗಿನ ಮಣ್ಣಿಗೂ ಪಾಲು ಕೊಡಬೇಕು. ಆಮೇಲೆ ಉಳಿದಿದ್ದು ಆಯಿಯ ಕಾಲಿಗೆ. ಇವತ್ತು ಹಲಗೆಯಲ್ಲಿ ಉಳಿಸಿದ ದುಡ್ಡನ್ನು ಪ್ರತಿ ಚಳಿಗಾಲ ಬಿಲ್ಲಿನಲ್ಲಿ ಕಟ್ಟುತ್ತೀಯ. ಟೈಲ್ಸ್ ಅಂಟಿಸಿದ ಮೇಲೆ ಅದನ್ನು ಸರಿ ಮಾಡಲು ದಾರಿಯೇ ಇಲ್ಲ.

ಟೈಲ್ಸ್ ಕೆಳಗೆ ಹಾಕಲೆಂದೇ ಮಾಡಿದ ಅರ್ಧ ಇಂಚಿನ ಗಟ್ಟಿ ಫೋಮ್ ಹಲಗೆ ಸಿಗುತ್ತದೆ, ಎರಡೂ ಮೈಗೆ ಸಿಮೆಂಟಿನ ಲೇಪ ಇರುವಂಥದ್ದು. ಅದನ್ನೇ ತೆಗೆದುಕೊ. ಹಲಗೆ, ಗಾರೆ, ಟೈಲ್ಸ್ ಎಲ್ಲ ಸೇರಿ ನೆಲ ಒಂದು ಇಂಚಿಗೂ ಸ್ವಲ್ಪ ಜಾಸ್ತಿ ಏರುತ್ತದೆ. ಬಾಗಿಲ ಅಡಿ ಕತ್ತರಿಸಬೇಕಾದೀತು. ಮೆಟ್ಟಿಲಿನ ಕಟ್ಟಕಡೆಯ ಹೆಜ್ಜೆ ಉಳಿದವಕ್ಕಿಂತ ಗಿಡ್ಡ ಆಗುತ್ತದೆ. ಇದನ್ನು ಸಣ್ಣದು ಅಂದುಕೊಳ್ಳಬೇಡ. ವಯಸ್ಸಾದವರ ಕಾಲು ಮೆಟ್ಟಿಲಿನ ಅಳತೆಯನ್ನು ತಾನೇ ನೆನಪಿಟ್ಟುಕೊಂಡಿರುತ್ತದೆ. ಒಂದೇ ಮೆಟ್ಟಿಲು ಬೇರೆಯಾದರೆ ಅಲ್ಲೇ ಎಡವುತ್ತಾರೆ.

ಇದಕ್ಕೂ ಮೊದಲಿನ ಕೆಲಸ ಒಂದಿದೆ. ಕಾರ್ಪೆಟ್ಟನ್ನು ಮೂಲೆಯಲ್ಲಿ ಎತ್ತಿ ನೋಡು. ಕಾಂಕ್ರೀಟಿನ ಮೇಲೆ ಬಿಳಿ ಉಪ್ಪಿನ ಪುಡಿ ಕಂಡರೆ ನೀರಿನ ಪಸೆ ಬರುತ್ತಿದೆ ಅಂತ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸು. ಎರಡು ದಿನ ಬಿಟ್ಟು ತೆಗೆದಾಗ ಅಡಿಯಲ್ಲಿ ಬೆವರಿದ್ದರೆ ಟೈಲ್ಸ್ ಕೆಲಸ ಅಲ್ಲಿಗೇ ನಿಲ್ಲಲಿ. ಮೊದಲು ಮಾಡಿನ ನೀರು ಗೋಡೆಯಿಂದ ದೂರ ಹೋಗುವಂತೆ ಮಾಡು. ಮಳೆಗಾಲದ ಮನೆಯಲ್ಲಿ ಬೆಳೆದವನು ನೀನು, ಇದನ್ನು ನಾನು ಜಾಸ್ತಿ ಹೇಳಬೇಕಿಲ್ಲ.

ಇನ್ನೊಂದು. ನಿನ್ನ ಮನೆ 1962ರದ್ದು ಅಂದಿದ್ದೆ. ಕಾರ್ಪೆಟ್ ಕೆಳಗೆ ಒಂಬತ್ತು ಇಂಚು ಚೌಕದ ಹಳೆ ಟೈಲ್ಸ್ ಇದ್ದರೆ ಕೈ ಹಚ್ಚಬೇಡ. ಆ ಕಾಲದ ಟೈಲ್ಸ್‌ನಲ್ಲೂ ಅದರ ಕಪ್ಪು ಅಂಟಿನಲ್ಲೂ ಆಸ್ಬೆಸ್ಟಾಸ್, ಅಂದರೆ ಧೂಳಾಗಿ ಒಳಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರು, ಇರುವುದು ಹೆಚ್ಚು. ಕೆರೆಯುವುದು, ಒಡೆಯುವುದು ಬೇಡವೇ ಬೇಡ. ಒಂದು ಚೂರನ್ನು ಹೇಗೆ ತೆಗೆಯಬೇಕು ಅಂತ ಲ್ಯಾಬಿನವರನ್ನೇ ಕೇಳಿ ಪರೀಕ್ಷೆ ಮಾಡಿಸು.

ಈಗ ಕರೆಂಟಿನ ಲೆಕ್ಕ. ಕೋಣೆ ಹತ್ತು ಅಡಿ, ಹದಿನಾಲ್ಕು ಅಡಿ. ಕಪಾಟಿನ ಕೆಳಗೆ, ಕದಲದ ಮಂಚದ ಕೆಳಗೆ ಕೇಬಲ್ ಹಾಕಬಾರದು, ಅಲ್ಲಿ ಬಿಸಿ ಹೊರಗೆ ಹೋಗದೆ ಸೇರಿಕೊಳ್ಳುತ್ತದೆ. ಅದನ್ನು ಬಿಟ್ಟರೆ 100 ಚದರಡಿ ಉಳಿಯಿತು ಅನ್ನು. ಚದರಡಿಗೆ 12 ವ್ಯಾಟ್‌ನಂತೆ 1200 ವ್ಯಾಟ್. ನಿಮ್ಮ 120 ವೋಲ್ಟಿಗೆ 10 ಆಂಪಿಯರ್. 15 ಆಂಪಿಯರ್ ಬ್ರೇಕರ್ ಸಾಕು, ಆದರೆ ಆ ಲೈನಿಗೆ ಬೇರೆ ಏನೂ ಸೇರಿಸಬಾರದು. 120ರ ಕೇಬಲ್ಲಿಗೆ ಅಪ್ಪಿತಪ್ಪಿ 240 ಕೊಟ್ಟರೆ ನಾಲ್ಕು ಪಟ್ಟು ಬಿಸಿಯಾಗಿ ಸುಟ್ಟುಹೋಗುತ್ತದೆ. ದಿನಕ್ಕೆ ಆರು ಗಂಟೆ ಬಿಡದೆ ಉರಿದರೂ 7.2 ಯುನಿಟ್. ಇದು ಕಾಲು ಬೆಚ್ಚಗಿಡುತ್ತದೆ. ಅಲ್ಲಿಯ ಕಡುಚಳಿಯಲ್ಲಿ ಇಡೀ ಕೋಣೆಯನ್ನು ಇದೊಂದೇ ಕಾಯಿಸುತ್ತದೆ ಅಂತ ನಂಬಿ ಮನೆಯ ಹೀಟರ್ ದಾರಿ ಮುಚ್ಚಬೇಡ.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ, ನಿನ್ನ ಕೈಯಲ್ಲಿ ಅದು ಆಗಬಾರದು. ಟೊರೊಂಟೊದಲ್ಲಿ ಮಗಳ ಮನೆಗೆ ಹೋದಾಗ ಅವಳ ಬೇಸ್‌ಮೆಂಟಿಗೆ ನಾನೇ ನಿಂತು ಈ ಕೆಲಸ ಮಾಡಿಸಿದ್ದೆ. ಮೂವತ್ತು ವರ್ಷ ವೈರಿಂಗ್ ಮಾಡಿದ ಕೈ ನನ್ನದು. ಪೆಟ್ಟಿಗೆ ಬಿಚ್ಚಿದ ದಿನ ಮೀಟರ್ ಹಿಡಿದು ನೋಡಿದೆ, ಸರಿಯಾಗಿತ್ತು. ಹಾಸಿದ ಮೇಲೂ ಸರಿಯಾಗಿತ್ತು. ಟೈಲ್ಸ್ ಕೆಲಸದವರು ಬಂದ ದಿನ ನಾನು ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಹೋದೆ. ಬರುವಷ್ಟರಲ್ಲಿ ಗಾರೆ ಮುಚ್ಚಿ ಟೈಲ್ಸ್ ಕೂತಿತ್ತು. ಮತ್ತೊಮ್ಮೆ ಅಳೆಯಲಿಲ್ಲ. ತಿಂಗಳು ಕಾದು ಸ್ವಿಚ್ ಹಾಕಿದರೆ ಆ ಕ್ಷಣವೇ ಟ್ರಿಪ್. ಕಬ್ಬಿಣದ ಕರಣೆಯ ಹಲ್ಲು ಒಂದು ಕಡೆ ಕೇಬಲ್ ಹೊಟ್ಟೆಯನ್ನು ಸೀಳಿತ್ತು. ಜಾಗ ಹುಡುಕುವ ಯಂತ್ರ ಇದ್ದವರನ್ನು ಕರೆಸಿ, ಹೊಸ ಟೈಲ್ಸ್ ಒಡೆಸಿ ಜೋಡಿಸಬೇಕಾಯಿತು. ಮಗಳು ಒಂದು ಮಾತೂ ಆಡಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ನೀನು ಮೂರು ಸಲ ಅಳೆಯಬೇಕು. ಪೆಟ್ಟಿಗೆ ಬಿಚ್ಚಿದಾಗ, ಹಾಸಿ ಮುಗಿದಾಗ, ಟೈಲ್ಸ್ ಕೂತ ಮೇಲೆ. 120 ವೋಲ್ಟಿನ 1200 ವ್ಯಾಟ್ ಕೇಬಲ್ 12 ಓಮ್ ಆಸುಪಾಸು ತೋರಿಸಬೇಕು, ಚೀಟಿಯಲ್ಲಿ ಬರೆದದ್ದಕ್ಕೆ ಹೊಂದಬೇಕು. ಒಳಗಿನ ತಂತಿಗೂ ಹೊರಗಿನ ಜಾಲರಿಗೂ ನಡುವೆ ಮೀಟರ್ ಯಾವ ಸಂಪರ್ಕವನ್ನೂ ತೋರಿಸಬಾರದು. ಕೆಲಸದವರಿಗೆ ಪ್ಲಾಸ್ಟಿಕ್ ಕರಣೆಯನ್ನೇ ಕೊಡು. ಉದ್ದ ಜಾಸ್ತಿಯಾಯಿತು ಅಂತ ಕೇಬಲ್ ಕತ್ತರಿಸಬಾರದು, ಒಂದರ ಮೇಲೆ ಒಂದು ದಾಟಿಸಬಾರದು. ನೆಲದ ಬಿಸಿ ಅಳೆಯುವ ಸೆನ್ಸರ್ ಕೇಬಲ್ಲಿನ ಎರಡು ಸಾಲಿನ ಸರಿ ನಡುವೆ ಬರಲಿ. ಎರಡನೆಯದನ್ನೂ ಈಗಲೇ ಹುದುಗಿಸಿಡು, ಮುಂದೆ ಒಂದು ಕೆಟ್ಟರೆ ನೆಲ ಅಗೆಯುವುದು ತಪ್ಪುತ್ತದೆ. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಜಿಎಫ್‌ಸಿಐ ಇರುವಂಥದ್ದೇ ಆಗಬೇಕು. ನಮ್ಮ ಮನೆಗಳ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿದರೆ ಬೀಳುತ್ತದೆ, ಅದು ಐದಕ್ಕೇ ಬೀಳುತ್ತದೆ. ಪರ್ಮಿಟ್ ತೆಗೆಸು. ಇನ್‌ಸ್ಪೆಕ್ಟರ್ ಟೈಲ್ಸ್ ಮುಚ್ಚುವ ಮೊದಲೇ ಬಂದು ನೋಡಲಿ.

ಆಯಿಗೆ ಸಕ್ಕರೆ ಕಾಯಿಲೆ ಇದೆ ಅನ್ನುವುದು ನಿನಗೆ ಗೊತ್ತು. ಅವಳ ಅಂಗಾಲಿಗೆ ಬಿಸಿ ಬೇಗ ತಿಳಿಯುವುದಿಲ್ಲ. ನೆಲವನ್ನು 27 ಡಿಗ್ರಿಗಿಂತ ಮೇಲೆ ಏರಿಸಬೇಡ, ಮಕ್ಕಳು ಒತ್ತಿ ಬದಲಾಯಿಸದ ಹಾಗೆ ಲಾಕ್ ಮಾಡು. ಅವಳು ನೆಲದ ಮೇಲೆ ದಪ್ಪ ಹಾಸಿಗೆ ಹಾಸಿದರೆ ಅಡಿಯಲ್ಲಿ ಬಿಸಿ ಕಟ್ಟಿಕೊಳ್ಳುತ್ತದೆ. ತೆಳ್ಳನೆಯ ಚಾಪೆ ಸಾಕು ಅಂತ ನಾನೂ ಇಲ್ಲಿಂದಲೇ ಹೇಳಿ ಕಳಿಸುತ್ತೇನೆ. ಮತ್ತೆ, ಅವಳು ರಾತ್ರಿಯೂ ಅಲ್ಲೇ ಮಲಗುವುದಾದರೆ, ಬೆಂಕಿ ಅನಾಹುತವಾದಾಗ ಹೊರಗೆ ಹತ್ತಿ ಹೋಗುವಷ್ಟು ದೊಡ್ಡ ಕಿಟಕಿ ಇರಲೇಬೇಕು. ಫೋಟೋದಲ್ಲಿ ಕಂಡ ಕಿಟಕಿ ನನಗೆ ಸಣ್ಣದು ಅನ್ನಿಸಿತು. ಅಳೆದು ತಿಳಿಸು.

ಅವಳು ಬರುವುದು ಅಡಿಕೆಯ ಕೊನೆಕೊಯ್ಲು ಮುಗಿಸಿ, ಸಂಕ್ರಾಂತಿ ಹೊತ್ತಿಗೆ. ಗಾರೆ ಗಟ್ಟಿಯಾಗುವ ತನಕ ಕೇಬಲ್ಲಿಗೆ ಕರೆಂಟ್ ಕೊಡುವ ಹಾಗಿಲ್ಲ, 28 ದಿನ ಬಿಡು. ಅಂದರೆ ನವೆಂಬರ್ ಕೊನೆಯೊಳಗೆ ಟೈಲ್ಸ್ ಕೂತಿರಬೇಕು. ಕೇಬಲ್ ಹಾಸಿದ ದಿನ ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೋ ತೆಗೆದು ನನಗೆ ಕಳಿಸು, ಮೂರೂ ಸಲದ ಓಮ್ ಬರೆದು ಕಳಿಸು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಫೋನ್ ತಲೆದಿಂಬಿನ ಹತ್ತಿರವೇ ಇರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಆಯಿಯ ಕೈಯಲ್ಲಿ ಬರುತ್ತದೆ.

ನಿನ್ನ
ದೊಡ್ಡಪ್ಪ