ರಿಮೋಟ್ ಡೆಸ್ಕ್‌ಟಾಪ್ ವೈಫಲ್ಯಕ್ಕೆ ನೆಟ್‌ವರ್ಕ್ ಒಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಬೆಳಗಿನ ಹೊತ್ತು ನೂರಾರು ಉದ್ಯೋಗಿಗಳು ಒಮ್ಮೆಗೇ ದೂರದ ಸರ್ವರ್‌ನ ಪರದೆಯನ್ನು ತಮ್ಮ ಯಂತ್ರದಲ್ಲಿ ತೆರೆದು ಕೆಲಸ ಮಾಡಿಸುವ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಲಾಗಿನ್ ಆಗಲು ಯತ್ನಿಸಿ ವಿಫಲರಾದಾಗ, ದೂರು ಮೊದಲು ನೆಟ್‌ವರ್ಕ್‌ನ ಮೇಲೆಯೇ ಬೀಳುತ್ತದೆ. ಈ ಸಂಪರ್ಕಗಳು ಸಾಮಾನ್ಯವಾಗಿ ಬರುವ ದ್ವಾರವಾದ ಸರ್ವರ್‌ನ 3389ನೇ ಪೋರ್ಟ್ ಸ್ಪಂದಿಸುತ್ತಿದೆಯೇ ಎಂದು ಪರೀಕ್ಷಿಸಲು ಒಂದು ನಿಮಿಷ ಸಾಕು. ಅದು ಸ್ಪಂದಿಸಿಯೂ ಪರದೆ ಕಪ್ಪಾಗಿಯೇ ಉಳಿದರೆ ತೊಂದರೆಯನ್ನು ಸರ್ವರ್‌ನ ಒಳಗೆ ಹುಡುಕಬೇಕು.

ನಾನು ಹೆಚ್ಚಾಗಿ ಕಂಡ ಕಾರಣವೆಂದರೆ, ಬಳಕೆದಾರರು ಸೈನ್ ಔಟ್ ಮಾಡದೆ ವಿಂಡೋವನ್ನಷ್ಟೇ ಮುಚ್ಚಿ ಹೋಗುವುದು. ಹಾಗೆ ಬಿಟ್ಟುಹೋದ ಸೆಷನ್‌ಗಳು (ಸರ್ವರ್‌ನಲ್ಲಿ ಪ್ರತಿ ಬಳಕೆದಾರರಿಗೆ ತೆರೆದಿರುವ ಕೆಲಸದ ಅವಧಿಗಳು), ಕಾಲಮಿತಿ ವಿಧಿಸದಿದ್ದರೆ, ದಿನಗಟ್ಟಲೆ ಮೆಮೊರಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಲವು ಸರ್ವರ್‌ಗಳಿರುವಲ್ಲಿ ಗಾಬರಿಯಿಂದ ಒಂದನ್ನು ರೀಸ್ಟಾರ್ಟ್ ಮಾಡುವುದು ಇನ್ನೂ ಅಪಾಯಕಾರಿ: ಸೆಷನ್‌ಗಳ ಸಂಖ್ಯೆ ನೋಡಿ ಹೊರೆ ಹಂಚುವ ಕನೆಕ್ಷನ್ ಬ್ರೋಕರ್, ಖಾಲಿಯಾಗಿ ಮರಳಿದ ಆ ಸರ್ವರ್‌ಗೇ ಹೊಸಬರನ್ನೆಲ್ಲ ಕಳುಹಿಸುವುದರಿಂದ ಅದು ಮತ್ತೆ ಕುಸಿಯಬಹುದು. ಅದರ ಬದಲು, ಬಳಲಿದ ಸರ್ವರ್‌ಗೆ ಹೊಸ ಲಾಗಿನ್‌ಗಳನ್ನು ತಡೆದು, ಹಳೆಯ ಸೆಷನ್‌ಗಳನ್ನು ತೆರವುಗೊಳಿಸಬೇಕು. ಆಗ ಸೇವ್ ಮಾಡದ ಕೆಲಸ ಅಳಿದುಹೋಗುವುದರಿಂದ ಬಳಕೆದಾರರಿಗೆ ಮುಂಚಿತವಾಗಿ ತಿಳಿಸಲೇಬೇಕು, ಅವರ ಶ್ರಮಕ್ಕೆ ನಾವು ಕೊಡಬೇಕಾದ ಕನಿಷ್ಠ ಗೌರವವದು.

ಬಳಕೆಯ ಪರವಾನಗಿಗಳನ್ನು ನೀಡುವ ಲೈಸೆನ್ಸ್ ಸರ್ವರ್ ಹೊಂದಿಸದಿದ್ದರೆ 120 ದಿನಗಳ ವಿನಾಯಿತಿ ಮುಗಿದ ಮೇಲೆ ಸಂಪರ್ಕ ನಿರಾಕರಣೆಯಾಗುತ್ತದೆ. ಅದನ್ನೂ ಹೊರೆಯೆಂದೇ ತಪ್ಪು ತಿಳಿಯುವವರಿದ್ದಾರೆ. ಹೊಸ ಯಂತ್ರಗಳಿಗೆ ಹಣ ಮಂಜೂರು ಮಾಡುವ ಮೊದಲು ಸರ್ವರ್ ತನ್ನ ದೋಷಗಳನ್ನು ದಾಖಲಿಸುವ ಇವೆಂಟ್ ಲಾಗ್‌ಗಳನ್ನು ಓದಿಸುವಂತೆ ಸಂಸ್ಥೆಗಳ ಮುಖ್ಯಸ್ಥರಲ್ಲಿ ವಿನಂತಿಸುತ್ತೇನೆ.

ಇತಿ,
ಓರ್ವ ಸಿಸ್ಟಂ ಅಡ್ಮಿನಿಸ್ಟ್ರೇಟರ್